ಟೇಬಲ್‌ನಲ್ಲಿ ಒಬ್ಬರಿಗೆ ಒಂದೇ ಮನೆ

ಪುಟ್ಟಿ, ನೀನು ಕಳಿಸಿದ ಫೈಲು ತೆರೆದು ನೋಡಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಜನ ಕೆಲಸಕ್ಕೆ ಹೇಗೆ ಹೋಗಿಬರುತ್ತಾರೆ, ಬಿಎಂಟಿಸಿಯೋ ಮೆಟ್ರೋವೋ ಸ್ವಂತ ಗಾಡಿಯೋ ಎಂಬ ವಿಷಯ ಚೆನ್ನಾಗಿದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ದುಡ್ಡು ಉಳಿಯಿತು. 2025ರ ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿ, ಗರಿಷ್ಠ 60 ರೂಪಾಯಿ ಇದ್ದದ್ದು 90ಕ್ಕೆ ಹೋಯಿತು. ಈ ಎರಡರ ಮಧ್ಯೆ ನಮ್ಮ ಕಡೆಯ ಜನ ಏನು ಮಾಡುತ್ತಿದ್ದಾರೆ ಎಂದು ಯಾರಾದರೂ ಕೇಳಲೇಬೇಕಿತ್ತು, ನೀನು ಕೇಳಿದ್ದೀಯ. ಜೊತೆಗೆ ಬಂದ ವಾಟ್ಸಾಪ್ ಸಾಲು ಮಾತ್ರ ನನಗೆ ಹಿಡಿಸಲಿಲ್ಲ: ‘ಮಾವ, ಯಾವ ಬಟನ್ ಒತ್ತಬೇಕು ಹೇಳಿಬಿಡಿ, ಮಿಕ್ಕಿದ್ದು ಎಸ್‌ಪಿಎಸ್‌ಎಸ್ ನೋಡಿಕೊಳ್ಳುತ್ತೆ.’

ಬಟನ್ ಹೇಳುವುದಕ್ಕೇನು, ಹೇಳುತ್ತೇನೆ. ಅನಲೈಜ್, ಅದರೊಳಗೆ ಡಿಸ್ಕ್ರಿಪ್ಟಿವ್ ಸ್ಟ್ಯಾಟಿಸ್ಟಿಕ್ಸ್, ಅದರೊಳಗೆ ಕ್ರಾಸ್‌ಟ್ಯಾಬ್ಸ್. ಅಡ್ಡಸಾಲಿಗೆ ಒಂದು ಪ್ರಶ್ನೆ, ಕಂಬಸಾಲಿಗೆ ಇನ್ನೊಂದು, ಆಮೇಲೆ ಕೈ-ಸ್ಕ್ವೇರ್ ಮುಂದೆ ಟಿಕ್. ಅರ್ಧ ನಿಮಿಷದ ಕೆಲಸ. ನಿನಗೆ ಗೈಡ್ ಆಗಿರುವವರಿಗೂ ಇದು ಗೊತ್ತು, ಕಾಲೇಜಿನ ಹತ್ತಿರ ದುಡ್ಡು ತಗೊಂಡು ‘ಡೇಟಾ ಅನಾಲಿಸಿಸ್’ ಮಾಡಿಕೊಡುವ ಹುಡುಗರಿಗೂ ಗೊತ್ತು. ಆದರೆ ಎಸ್‌ಪಿಎಸ್‌ಎಸ್ ಎಂಬ ಈ ಸಾಫ್ಟ್‌ವೇರ್‌ಗೆ ರಾಜಾಜಿನಗರ ಎಂದರೆ 1, ಕೆಂಗೇರಿ ಎಂದರೆ 4, ಅಷ್ಟೆ. ಆ 4ರ ಹಿಂದೆ ಯಾರಿದ್ದಾರೆ, ಅವರನ್ನು ಎಲ್ಲಿ ಹಿಡಿದು ಕೇಳಿದೆ, ಎಷ್ಟು ಸಲ ಎಣಿಸಿದೆ ಎಂಬುದು ಅದಕ್ಕೆ ತಿಳಿಯುವುದೂ ಇಲ್ಲ, ಅದು ಕೇಳುವುದೂ ಇಲ್ಲ. ಎಂಥ ಟೇಬಲ್ ಕೊಟ್ಟರೂ ಮೂರು ದಶಮಾಂಶದವರೆಗೆ ಉತ್ತರ ಕೊಡುತ್ತದೆ.

ಎರಡು ಪ್ರಶ್ನೆಗಳ ಉತ್ತರಕ್ಕೆ ನಂಟಿದೆಯೇ ಎಂದು ನೋಡುವ ಈ ಕೈ-ಸ್ಕ್ವೇರ್ ಪರೀಕ್ಷೆಯನ್ನು ಕಾರ್ಲ್ ಪಿಯರ್ಸನ್ 1900ರಲ್ಲಿ ಪ್ರಕಟಿಸಿದ. ಅಂದಿನಿಂದ ಇಂದಿನವರೆಗೆ ಅದು ನಮ್ಮಿಂದ ಬೇಡುವ ಮುಖ್ಯ ಷರತ್ತು ಒಂದೇ. ಟೇಬಲ್‌ನ ಚೌಕಗಳನ್ನು ಚೌಕಾಬಾರದ ಮಣೆಯ ಮನೆಗಳು ಎಂದುಕೋ: ಒಬ್ಬ ಮನುಷ್ಯ ಒಂದೇ ಮನೆಯಲ್ಲಿ, ಒಂದೇ ಸಲ ಇರಬೇಕು, ಪಕ್ಕದವನ ಉತ್ತರಕ್ಕೂ ಅವನ ಉತ್ತರಕ್ಕೂ ಸಂಬಂಧ ಇರಬಾರದು. ನಿನ್ನ ಫೈಲಿನಲ್ಲಿ ನನಗೆ ಕಂಡ ತೊಡಕುಗಳಲ್ಲಿ ಹಲವು ಈ ಷರತ್ತು ತಪ್ಪಿದ ಕಡೆಯೇ ಇವೆ.

ಮೊದಲನೆಯದು ಸಣ್ಣದು. ಗೂಗಲ್ ಫಾರಂನಲ್ಲಿ ಬಡಾವಣೆಯ ಹೆಸರನ್ನು ಅವರವರೇ ಟೈಪ್ ಮಾಡಲಿ ಎಂದು ಬಿಟ್ಟಿದ್ದೀಯ. ಒಬ್ಬರು ಬಸವೇಶ್ವರನಗರ ಎಂದು ಬರೆದಿದ್ದಾರೆ, ಇನ್ನೊಬ್ಬರು ಬಸವೇಶ್ವರ ನಗರ ಎಂದು ಬಿಡಿಸಿ ಬರೆದಿದ್ದಾರೆ, ಮತ್ತೊಬ್ಬರು ಬಸವೇಶ್ವರನಗರ್ ಎಂದಿದ್ದಾರೆ, ಇಂಗ್ಲಿಷಿನಲ್ಲಿ ಬರೆದವರ ಕಾಗುಣಿತವಂತೂ ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಸೇರುವುದಿಲ್ಲ. ಸಾಫ್ಟ್‌ವೇರ್‌ಗೆ ಇವೆಲ್ಲ ಬೇರೆ ಬೇರೆ ಊರು. ಹೆಸರಿನ ಮೊದಲಿಗೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಸೇರಿದರೂ ಅದೊಂದು ಹೊಸ ಊರೇ. ಉತ್ತರ ಕೊಡದವರಿಗೆ ನೀನು ಹಾಕಿರುವ 99 ಕೂಡ ಒಂದು ವರ್ಗವಾಗಿ ಟೇಬಲ್‌ಗೆ ಬಂದು ಕೂತಿದೆ. ಅದನ್ನು ಮಿಸ್ಸಿಂಗ್ ಎಂದು ಸಾಫ್ಟ್‌ವೇರ್‌ಗೆ ಹೇಳಿಕೊಡಬೇಕು. ಕ್ರಾಸ್‌ಟ್ಯಾಬ್ಸ್‌ಗೆ ಹೋಗುವ ಮುಂಚೆ ಒಂದೊಂದೇ ಪ್ರಶ್ನೆಗೆ ಫ್ರೀಕ್ವೆನ್ಸಿ ತೆಗೆದು ನೋಡಿದರೆ ಇವೆಲ್ಲ ಐದು ನಿಮಿಷದಲ್ಲಿ ಹೊರಬೀಳುತ್ತವೆ.

ಇನ್ನೊಂದು ಫೈಲಿನಲ್ಲಿ ಬರೀ ಮೊತ್ತಗಳನ್ನು ಟೈಪ್ ಮಾಡಿದ್ದೀಯ: ಆರು ಸಾಲು, ಒಂದೊಂದು ಸಾಲಿಗೂ ಒಂದೊಂದು ಸಂಖ್ಯೆ. ಅದೂ ಸರಿಯಾದ ದಾರಿಯೇ. ಆದರೆ ಡೇಟಾ ಮೆನುವಿನಲ್ಲಿ ವೆಯ್ಟ್ ಕೇಸಸ್ ಎಂಬುದಿದೆ, ಆ ಸಂಖ್ಯೆಗಳ ಕಂಬವನ್ನು ಅಲ್ಲಿ ಕೊಡದಿದ್ದರೆ ಸಾಫ್ಟ್‌ವೇರ್ ನಿನ್ನ ಸಮೀಕ್ಷೆಯಲ್ಲಿ ಇದ್ದದ್ದೇ ಆರು ಜನ ಎಂದುಕೊಳ್ಳುತ್ತದೆ. ಮನೆಗೆ ಒಬ್ಬರಂತೆ ಹಂಚಿ ಕೈ-ಸ್ಕ್ವೇರ್ ಸೊನ್ನೆ, ಪಿ ಬೆಲೆ (ಎರಡರ ನಡುವೆ ನಂಟೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 1.000 ಎನ್ನುತ್ತದೆ. ನಿನಗೆ ಬಂದಿರುವುದೂ ಅದೇ ಉತ್ತರ. ‘ಯಾವ ವ್ಯತ್ಯಾಸವೂ ಇಲ್ಲ ಮಾವ’ ಎಂದು ಬೇಜಾರು ಮಾಡಿಕೊಂಡೆಯಲ್ಲ, ಅದು ಜನರ ಸಮಾಚಾರವಲ್ಲ, ಟಿಕ್ ಮಾಡದ ಒಂದು ಪೆಟ್ಟಿಗೆಯ ಸಮಾಚಾರ. ಮೊತ್ತದ ಬದಲು ಶೇಕಡಾವಾರು ತುಂಬುವವರೂ ಇದ್ದಾರೆ. 40 ಜನರನ್ನು ಕೇಳಿ ಶೇಕಡಾ ಹಾಕಿದರೆ ಸಾಫ್ಟ್‌ವೇರ್‌ಗೆ 100 ಜನ ಸಿಕ್ಕಂತೆ, ಕೈ-ಸ್ಕ್ವೇರ್ ಎರಡೂವರೆ ಪಟ್ಟು ಉಬ್ಬುತ್ತದೆ. ಮನೆಗಳಲ್ಲಿ ತಲೆ ಎಣಿಕೆ ಮಾತ್ರ ಇರಲಿ.

ಇನ್ನು ‘ಯಾವ ಯಾವುದರಲ್ಲಿ ಓಡಾಡುತ್ತೀರಿ, ಅನ್ವಯಿಸುವುದಕ್ಕೆಲ್ಲ ಟಿಕ್ ಮಾಡಿ’ ಎಂಬ ಪ್ರಶ್ನೆ. ಬಸವೇಶ್ವರನಗರದ ಒಳಗೆ ಮೆಟ್ರೋ ನಿಲ್ದಾಣ ಇಲ್ಲ. ಹೊಸಹಳ್ಳಿಯಿಂದ ಮಾಗಡಿ ರಸ್ತೆಯ ಉದ್ದಕ್ಕೆ ಕಡಬಗೆರೆವರೆಗಿನ ಮಾರ್ಗಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, ರೈಲು ಓಡುವುದು ಮುಂದಿನ ಮಾತು. ಹಾಗಾಗಿ ಅಲ್ಲಿಯವರು ಬಸ್ಸಲ್ಲೋ ಆಟೋದಲ್ಲೋ ವಿಜಯನಗರಕ್ಕೆ ಅಥವಾ ರಾಜಾಜಿನಗರಕ್ಕೆ ಬಂದು ಮೆಟ್ರೋ ಹತ್ತುತ್ತಾರೆ. ಅಂಥವರು ನಿನ್ನ ಟೇಬಲ್‌ನಲ್ಲಿ ಬಸ್ಸಿನ ಮನೆಯಲ್ಲೂ ಇದ್ದಾರೆ, ಮೆಟ್ರೋ ಮನೆಯಲ್ಲೂ ಇದ್ದಾರೆ. ಟೇಬಲ್‌ನ ಒಟ್ಟು ಮೊತ್ತ ನೀನು ಮಾತಾಡಿಸಿದ ಜನರಿಗಿಂತ ಹೆಚ್ಚಾಗಿದೆ, ಗಮನಿಸಿದೆಯಾ? ಹೆಚ್ಚು ದೂರ ಯಾವುದರಲ್ಲಿ ಹೋಗುತ್ತಾರೋ ಅದೊಂದನ್ನೇ ಲೆಕ್ಕಕ್ಕೆ ಹಿಡಿ. ಇಲ್ಲವೇ ‘ಬಸ್ಸು ಹತ್ತಿ ಮೆಟ್ರೋ’ ಎಂದು ಬೇರೆ ವರ್ಗವನ್ನೇ ಮಾಡು; ನಮ್ಮ ಕಡೆಯ ನಿಜಕ್ಕೆ ಅದೇ ಹತ್ತಿರ ಎಂದು ನನಗನ್ನಿಸುತ್ತದೆ.

ಮೆಟ್ರೋ ದರದ ಪ್ರಶ್ನೆಗೆ ಬರುತ್ತೇನೆ, ಅಲ್ಲಿ ಸ್ವಲ್ಪ ನಿಲ್ಲಬೇಕು. ದರ ಏರುವ ಮುಂಚೆ ಮೆಟ್ರೋದಲ್ಲಿ ಹೋಗುತ್ತಿದ್ದಿರಾ, ಈಗ ಹೋಗುತ್ತೀರಾ ಎಂದು ಒಬ್ಬರನ್ನೇ ಎರಡು ಸಲ ಕೇಳಿದ್ದೀಯ. ಆಮೇಲೆ ‘ಮುಂಚೆ’ ಒಂದು ಸಾಲು, ‘ಈಗ’ ಒಂದು ಸಾಲು ಮಾಡಿ ಕೈ-ಸ್ಕ್ವೇರ್ ಹಾಕಿದ್ದೀಯ. ಲೆಕ್ಕಕ್ಕೆ ನಾನೇ ಕಲ್ಪಿಸಿದ ಉದಾಹರಣೆ ತಗೋ: 100 ಜನರಲ್ಲಿ ಮುಂಚೆ 60 ಜನ ಮೆಟ್ರೋದವರು, ಈಗ 50. ನಿನ್ನ ರೀತಿಯಲ್ಲಿ ಟೇಬಲ್ ಮಾಡಿದರೆ ಕೈ-ಸ್ಕ್ವೇರ್ 2.02, ಪಿ ಬೆಲೆ 0.155 ಬರುತ್ತದೆ. ‘ದರ ಏರಿದ್ದರಿಂದ ಗಮನಾರ್ಹ ಬದಲಾವಣೆ ಇಲ್ಲ’ ಎಂದು ಬರೆದು ಮುಗಿಸುತ್ತೀಯ. ಆದರೆ ಆ ಟೇಬಲ್‌ನಲ್ಲಿ 200 ತಲೆಗಳಿವೆ, ಮಾತಾಡಿಸಿದ್ದು 100 ಜನರನ್ನು. ಪ್ರತಿಯೊಬ್ಬರೂ ಎರಡು ಸಲ ಕೂತಿದ್ದಾರೆ.

ಹಾಗಲ್ಲದೆ ಟೇಬಲ್ ಅನ್ನು ತಿರುಗಿಸು. ಅಡ್ಡಸಾಲಿನಲ್ಲಿ ಮುಂಚೆ ಹೌದು-ಇಲ್ಲ, ಕಂಬಸಾಲಿನಲ್ಲಿ ಈಗ ಹೌದು-ಇಲ್ಲ. ಈಗ 100 ಜನ ನಾಲ್ಕು ಮನೆಗಳಲ್ಲಿ ಒಂದೊಂದೇ ಸಲ ಕೂರುತ್ತಾರೆ. ಮೊದಲೂ ಮೆಟ್ರೋ ಈಗಲೂ ಮೆಟ್ರೋ ಎನ್ನುವವರು, ಎರಡೂ ಸಲ ಇಲ್ಲ ಎನ್ನುವವರು ದರದ ಪ್ರಶ್ನೆಗೆ ಏನೂ ಹೇಳುವುದಿಲ್ಲ. ಮಾತು ಇರುವುದು ಬದಲಾದವರ ಹತ್ತಿರ: 12 ಜನ ಬಿಟ್ಟಿದ್ದಾರೆ, 2 ಜನ ಹೊಸದಾಗಿ ಹತ್ತಿದ್ದಾರೆ ಎಂದಿಟ್ಟುಕೋ. ದರಕ್ಕೂ ಇದಕ್ಕೂ ಸಂಬಂಧವೇ ಇಲ್ಲದಿದ್ದರೆ ಬದಲಾದ 14 ಜನ ಎರಡು ಕಡೆಗೂ ಹೆಚ್ಚು ಕಡಿಮೆ ಸಮವಾಗಿ ಹಂಚಿಹೋಗಬೇಕಿತ್ತು. 12ಕ್ಕೆ 2 ಅಥವಾ ಅದಕ್ಕಿಂತ ವಾರೆಯಾಗಿ ಹಂಚಿಹೋಗುವ ಸಂಭವ ಬರೀ 0.013. ಕ್ವಿನ್ ಮೆಕ್ನಿಮಾರ್ 1947ರಲ್ಲಿ ಕೊಟ್ಟ ಪರೀಕ್ಷೆ ಇದು, ಅದೇ ಕ್ರಾಸ್‌ಟ್ಯಾಬ್ಸ್ ಕಿಟಕಿಯಲ್ಲಿ ಕೈ-ಸ್ಕ್ವೇರ್ ಇರುವ ಕಡೆಯೇ ಇದೆ. ಜನ ಅವರೇ, ಉತ್ತರ ಅವೇ, ತೀರ್ಪು ಮಾತ್ರ ತಲೆಕೆಳಗು. ಯಾವ ಟೇಬಲ್ ಸರಿ ಎಂದು ಸಾಫ್ಟ್‌ವೇರ್ ಹೇಳಲಿಲ್ಲ, ಹೇಳುವುದೂ ಇಲ್ಲ. (ದರ ಏರುವ ಮುಂಚೆ ಏನು ಮಾಡುತ್ತಿದ್ದೆ ಎಂದು ಈಗ ನೆನಪಿಸಿಕೊಂಡು ಹೇಳುವವರ ನೆನಪನ್ನು ಎಷ್ಟು ನಂಬಬೇಕು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ನಿನ್ನ ಮಿತಿಗಳ ಅಧ್ಯಾಯದಲ್ಲಿ ಒಪ್ಪಿಕೋ.)

ಒಂದೇ ಸಂಸಾರದ ನಾಲ್ವರು ಫಾರಂ ತುಂಬಿದ್ದರೆ ಅವರೂ ನಾಲ್ಕು ಬೇರೆ ಬೇರೆ ಮಾತುಗಳಲ್ಲ. ಮನೆಯಲ್ಲಿ ಸ್ಕೂಟರ್ ಇದ್ದರೆ ನಾಲ್ವರ ಉತ್ತರಕ್ಕೂ ಅದರ ನೆರಳು ಬೀಳುತ್ತದೆ. ದೊಡ್ಡ ಸಮೀಕ್ಷೆಗಳಲ್ಲಿ, ಉದಾಹರಣೆಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಊರು-ಬ್ಲಾಕುಗಳನ್ನು ಗುಂಪಾಗಿ ಆರಿಸಿಕೊಳ್ಳುವುದರಿಂದ ಅಲ್ಲಿ ಸಾದಾ ಕೈ-ಸ್ಕ್ವೇರ್ ನಡೆಯುವುದಿಲ್ಲ. ಜೆ.ಎನ್.ಕೆ. ರಾವ್ ಮತ್ತು ಅಲಾಸ್ಟೇರ್ ಸ್ಕಾಟ್ 1980ರ ದಶಕದ ಮೊದಲಲ್ಲಿ ಇದಕ್ಕೊಂದು ತಿದ್ದುಪಡಿ ಕೊಟ್ಟರು. ನಿನಗೆ ಅಷ್ಟು ದೂರ ಬೇಡ. ಒಂದು ಸಂಸಾರದಿಂದ ಒಬ್ಬರನ್ನು ಇಟ್ಟುಕೊಂಡು ಮುಂದೆ ಹೋಗು.

ಈಗ ಕಷ್ಟದ ಮಾತು. ಕೆಂಗೇರಿಯ ಫಾರಂಗಳನ್ನೆಲ್ಲ ಎಲ್ಲಿ ತುಂಬಿಸಿದೆ? ಕೆಂಗೇರಿ ಬಸ್ ನಿಲ್ದಾಣದಲ್ಲಿ. ವಿಜಯನಗರದ್ದು? ಮೆಟ್ರೋ ಮೆಟ್ಟಿಲ ಕೆಳಗೆ. ಬಸ್ ನಿಲ್ದಾಣದಲ್ಲಿ ನಿಂತು ‘ಹೇಗೆ ಹೋಗ್ತೀರಿ’ ಎಂದು ಕೇಳಿದರೆ ಅವರು ಇನ್ನೇನು ಹೇಳಿಯಾರು ಪುಟ್ಟಿ? ಬಡಾವಣೆ ಮತ್ತು ವಾಹನದ ಟೇಬಲ್‌ನಲ್ಲಿ ಕೈ-ಸ್ಕ್ವೇರ್ ಆಕಾಶಕ್ಕೆ ಹೋಗಿದೆ, ಪಿ ಬೆಲೆ .000, ನೀನು ಕುಣಿದಾಡಿದ್ದೀಯ. ಅದು ಅಳೆದಿರುವುದು ನೀನು ಎಲ್ಲಿ ನಿಂತಿದ್ದೆ ಎಂಬುದನ್ನು. ಆ ಟೇಬಲ್ ಅನ್ನು ನಿನ್ನ ಪ್ರಬಂಧದಿಂದ ತೆಗೆಯಲೇಬೇಕು, ಗೈಡ್‌ಗೆ ಎಷ್ಟೇ ಇಷ್ಟವಾಗಿರಲಿ. ಒಂದೇ ಜಾಗದಲ್ಲಿ ಸಿಕ್ಕ ಹೆಂಗಸರನ್ನೂ ಗಂಡಸರನ್ನೂ ಹೋಲಿಸುವುದಕ್ಕೆ ಆ ಫಾರಂಗಳನ್ನು ಸ್ವಲ್ಪ ಮಟ್ಟಿಗೆ ಬಳಸಬಹುದು. ಬಡಾವಣೆಗಳನ್ನು ಹೋಲಿಸಬೇಕಾದರೆ ಬಸ್ಸಿಗೂ ಮೆಟ್ರೋಗೂ ಸಂಬಂಧವಿಲ್ಲದ ಕಡೆ, ರೇಷನ್ ಅಂಗಡಿ, ಪಾರ್ಕು, ಮನೆಬಾಗಿಲು, ಇಂಥಲ್ಲಿ ಕೇಳಬೇಕಿತ್ತು.

ಜಾಗ ಬೆರೆತರೆ ಹೆಂಗಸರು-ಗಂಡಸರ ಹೋಲಿಕೆಯೂ ಕೆಡುತ್ತದೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶದಲ್ಲಿ ಗಂಡಸರಲ್ಲಿ ಶೇ. 44ರಷ್ಟು, ಹೆಂಗಸರಲ್ಲಿ ಶೇ. 35ರಷ್ಟು ಅರ್ಜಿದಾರರಿಗೆ ಸೀಟು ಸಿಕ್ಕಿತ್ತು. ವಿಭಾಗವಾರು ಬಿಡಿಸಿ ನೋಡಿದಾಗ ಆ ತಾರತಮ್ಯ ಹೆಚ್ಚುಕಡಿಮೆ ಕರಗಿಹೋಯಿತು. ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ. ನಿನ್ನ ಟೇಬಲ್‌ನಲ್ಲಿ ಹೆಂಗಸರು ಹೆಚ್ಚು ಕೆಂಗೇರಿಯವರು, ಗಂಡಸರು ಹೆಚ್ಚು ವಿಜಯನಗರದವರು. ಬಡಾವಣೆಯೊಂದಕ್ಕೆ ಒಂದು ಟೇಬಲ್ ಮಾಡಿ ನೋಡು. ಕ್ರಾಸ್‌ಟ್ಯಾಬ್ಸ್‌ನಲ್ಲಿ ಲೇಯರ್ ಎಂಬ ಜಾಗ ಇರುವುದೇ ಅದಕ್ಕೆ.

ಇಷ್ಟೆಲ್ಲ ಆದ ಮೇಲೆ ಲೆಕ್ಕ. ಒಂದು ಸಲವಾದರೂ ಪೆನ್ನು ಹಿಡಿದು ಮಾಡು, ಏಳು ಜನ್ಮಕ್ಕೂ ಮರೆಯುವುದಿಲ್ಲ. ಇದೂ ಕಲ್ಪನೆಯದೇ: 120 ಹೆಂಗಸರು, 80 ಗಂಡಸರು. ಹೆಂಗಸರಲ್ಲಿ ಬಸ್ಸು 66, ಮೆಟ್ರೋ 40, ದ್ವಿಚಕ್ರ 14. ಗಂಡಸರಲ್ಲಿ 24, 30, 26. ಬಸ್ಸಿನವರು ಒಟ್ಟು 90. ಹೆಣ್ಣು-ಗಂಡೆಂಬ ಭೇದ ಇಲ್ಲದಿದ್ದರೆ ಬಸ್ಸಿನಲ್ಲಿ ಎಷ್ಟು ಹೆಂಗಸರಿರಬೇಕಿತ್ತು? 120 ಗುಣಿಸು 90, ಭಾಗಿಸು 200, ಅಂದರೆ 54. ಇದ್ದದ್ದು 66. ವ್ಯತ್ಯಾಸ 12, ಅದರ ವರ್ಗ 144, ಅದನ್ನು 54ರಿಂದ ಭಾಗಿಸಿದರೆ 2.67. ಹೀಗೇ ಆರು ಮನೆಗೂ ಮಾಡಿ ಕೂಡಿದರೆ 17.32. ಸ್ವಾತಂತ್ರ್ಯ ಮಾತ್ರೆ (ಡಿಗ್ರೀಸ್ ಆಫ್ ಫ್ರೀಡಮ್) 2, ಪಿ ಬೆಲೆ 0.0002ಕ್ಕಿಂತ ಕಡಿಮೆ. ಸ್ವಾತಂತ್ರ್ಯ ಮಾತ್ರೆ ಎಷ್ಟೆಂಬುದನ್ನು ಸಾಫ್ಟ್‌ವೇರ್ ಸಲೀಸಾಗಿ ಅಚ್ಚು ಹಾಕುತ್ತದೆ, ಆದರೆ ಇಂಥ ಟೇಬಲ್‌ಗಳ ವಿಷಯದಲ್ಲಿ ಪಿಯರ್ಸನ್ ಅದನ್ನೇ ತಪ್ಪಾಗಿ ಹಿಡಿದಿದ್ದ. 1922ರಲ್ಲಿ ಫಿಶರ್ ತಿದ್ದಿದ, ಹಿರಿಯನಿಗೆ ಅದು ರುಚಿಸಲಿಲ್ಲ.

ಕೈಯಲ್ಲಿ ಮಾಡಿದ್ದರ ಲಾಭ ನೋಡು. ನೀನಾಗಿದ್ದರೆ ‘ಶಕ್ತಿ ಯೋಜನೆಯಿಂದಾಗಿ ಹೆಂಗಸರು ಬಸ್ಸಿನಲ್ಲಿ’ ಎಂದು ಒಂದೇ ಸಾಲು ಬರೆಯುತ್ತಿದ್ದೆ. 17.32ರಲ್ಲಿ ಬಸ್ಸಿನ ಎರಡು ಮನೆಗಳ ಪಾಲು 6.67. ದ್ವಿಚಕ್ರದ ಎರಡು ಮನೆಗಳ ಪಾಲು 10.42. ಅಂದರೆ ಈ ಟೇಬಲ್ ಹೆಂಗಸರ ಬಸ್ಸಿನ ಬಗ್ಗೆ ಎಷ್ಟು ಹೇಳುತ್ತಿದೆಯೋ ಅದಕ್ಕೆ ಕಡಿಮೆಯಿಲ್ಲದಷ್ಟು ಗಂಡಸರ ಬೈಕಿನ ಬಗ್ಗೆಯೂ ಹೇಳುತ್ತಿದೆ. ಮೆಟ್ರೋದಲ್ಲಿ ಇಬ್ಬರಿಗೂ ವ್ಯತ್ಯಾಸವೇ ಇಲ್ಲ ಎನ್ನಬಹುದು. ಯಾವ ಮನೆ ಎಷ್ಟು ಎಳೆಯುತ್ತಿದೆ ಎಂದು ಸಾಫ್ಟ್‌ವೇರಿನಲ್ಲಿ ನೋಡಲು ಸೆಲ್ಸ್ ಬಟನ್ ಒಳಗೆ ಅಡ್ಜಸ್ಟೆಡ್ ರೆಸಿಡ್ಯುಯಲ್ಸ್ ಟಿಕ್ ಮಾಡು. 2 ದಾಟಿದ ಮನೆಗಳ ಕಡೆ ಕಣ್ಣಿಡು. ಶಕ್ತಿಯಿಂದಲೇ ಹೀಗಾಯಿತು ಎನ್ನುವುದಕ್ಕಂತೂ ಈ ಟೇಬಲ್ ಸಾಲದು. ಯೋಜನೆಗೆ ಮುಂಚಿನ ಲೆಕ್ಕ ಇದರಲ್ಲಿ ಎಲ್ಲಿದೆ?

ಪಿ ಬೆಲೆ ಚಿಕ್ಕದು ಎಂದರೆ ವ್ಯತ್ಯಾಸ ದೊಡ್ಡದು ಎಂದಲ್ಲ. ಇದೇ ಅನುಪಾತದಲ್ಲಿ 20 ಜನರನ್ನು ಕೇಳಿದ್ದರೆ ಕೈ-ಸ್ಕ್ವೇರ್ 1.73, ಏನೂ ಇಲ್ಲ ಎನ್ನುತ್ತಿದ್ದೆ. 2000 ಜನರನ್ನು ಕೇಳಿದ್ದರೆ 173. ಜನ ಹೆಚ್ಚಿದಷ್ಟೂ ಅದು ಉಬ್ಬುತ್ತದೆ. ಉಬ್ಬದೇ ಇರುವುದು ನಂಟಿನ ಬಲವನ್ನು ಅಳೆಯುವ ಕ್ರೇಮರ್‌ನ ವಿ: ಮೂರು ಸಲವೂ 0.29. ಅದನ್ನೂ ಬರೆ, ಶೇಕಡಾವಾರನ್ನೂ ಬರೆ. ಹಳೆಯ ಆವೃತ್ತಿಗಳು ತೋರಿಸುವ .000 ಅನ್ನು ಹಾಗೇ ಇಳಿಸಬೇಡ, 0.001ಕ್ಕಿಂತ ಕಡಿಮೆ ಎಂದು ಬರೆ. ಪ್ರಶ್ನಾವಳಿಯ ಎಲ್ಲವನ್ನೂ ಎಲ್ಲದರ ಮೇಲೆ ಹಾಕಿ 40 ಟೇಬಲ್ ತೆಗೆದರೆ, ಎಲ್ಲೂ ಏನೂ ಇಲ್ಲದಿದ್ದರೂ 0.05ರ ಗೆರೆಯ ಕೆಳಗೆ ಸರಾಸರಿ ಎರಡು ಬಂದೇ ಬರುತ್ತವೆ ಎಂಬುದೂ ನೆನಪಿರಲಿ.

ಟೇಬಲ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ ಬರುತ್ತದೆ, ಇಷ್ಟು ಮನೆಗಳಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಎಂದು. ಅದನ್ನು ಯಾರೂ ಓದುವುದಿಲ್ಲ. ಕಾಕ್ರನ್ 1954ರಲ್ಲಿ ಹೇಳಿದ ಅಳತೆ ಇವತ್ತಿಗೂ ನಡೆಯುತ್ತದೆ: ಶೇ. 20ಕ್ಕಿಂತ ಹೆಚ್ಚು ಮನೆಗಳು 5ಕ್ಕಿಂತ ಕೆಳಗಿರಬಾರದು, ಯಾವುದೂ 1ಕ್ಕಿಂತ ಕೆಳಗೆ ಹೋಗಬಾರದು. ನೋಡಬೇಕಾದ್ದು ನಿರೀಕ್ಷಿತ ಸಂಖ್ಯೆ, ಎಣಿಸಿದ ಸಂಖ್ಯೆಯಲ್ಲ. ಎಣಿಕೆಯಲ್ಲಿ ಸೊನ್ನೆ ಇದ್ದರೂ ನಿರೀಕ್ಷಿತ 8 ಇದ್ದರೆ ಭಯವಿಲ್ಲ. ಅಳತೆ ಮೀರಿದರೆ ಫಿಶರ್‌ನ ಎಕ್ಸಾಕ್ಟ್ ಪರೀಕ್ಷೆ ಬಳಸು, ಎರಡಕ್ಕೆರಡರ ಟೇಬಲ್ ಆದರೆ ಸಾಫ್ಟ್‌ವೇರ್ ಅದನ್ನು ಕೇಳದೆಯೇ ಕೊಡುತ್ತದೆ. ಅಥವಾ ಆಟೋ ಮತ್ತು ಕ್ಯಾಬ್ ಅನ್ನು ಕೂಡಿಸು. ಅರ್ಥವಿದೆ ಎಂದು ಕೂಡಿಸು, ಪಿ ಬೆಲೆ ಇಳಿಯಿತು ಎಂದು ಕೂಡಿಸಬೇಡ.

ನಿನ್ನ ಗೆಳತಿ ಆರ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಮಾಡಿದಾಗ ಬೇರೆ ಉತ್ತರ ಬಂತು ಎಂದೆಯಲ್ಲ, ಗಾಬರಿ ಬೇಡ. ಎರಡಕ್ಕೆರಡರ ಟೇಬಲ್‌ಗೆ ಆರ್ ತಾನಾಗಿಯೇ ಯೇಟ್ಸ್‌ನ 1934ರ ತಿದ್ದುಪಡಿ ಹಾಕುತ್ತದೆ, ಎಸ್‌ಪಿಎಸ್‌ಎಸ್ ತಿದ್ದಿದ್ದು, ತಿದ್ದದೇ ಇರುವುದು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ. ಯಾವುದನ್ನು ತೆಗೆದುಕೊಂಡೆ ಎಂದು ಬರೆದರಾಯಿತು. ಕದ್ದ ಎಸ್‌ಪಿಎಸ್‌ಎಸ್ ಹಾಕಿಸಿಕೊಂಡು ಲ್ಯಾಪ್‌ಟಾಪ್ ಕೆಡಿಸಿಕೊಳ್ಳುವ ಬದಲು ಜಾಮೋವಿ ಇಳಿಸಿಕೋ, ಪುಕ್ಕಟೆ, ಮೌಸಿನಲ್ಲೇ ನಡೆಯುತ್ತದೆ, ಒಳಗೆ ಲೆಕ್ಕ ಹಾಕುವುದು ಆರ್.

ಜ್ಞಾನಭಾರತಿಗೆ ಹೋಗಿ ಬರುವಾಗ ಮೈಸೂರು ರಸ್ತೆಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಬೋರ್ಡು ನೋಡಿರುತ್ತೀಯ. ಆ ಸಂಸ್ಥೆಯ ಕೋಲ್ಕತ್ತದ ಮೂಲಕೇಂದ್ರದಲ್ಲಿ ದಶಕಗಟ್ಟಲೆ ದುಡಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. 1948ರಲ್ಲಿ ಅವರು ಕೊಟ್ಟ ಸ್ಕೋರ್ ಪರೀಕ್ಷೆ ಎಷ್ಟು ವಿಶಾಲವಾದದ್ದೆಂದರೆ ಪಿಯರ್ಸನ್‌ನ ಕೈ-ಸ್ಕ್ವೇರ್ ಅದರ ಒಂದು ವಿಶೇಷ ರೂಪವಾಗಿ ಒಳಗೇ ಸೇರಿಹೋಗುತ್ತದೆ. 2023ರ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂದಿತ್ತು. ಮುಂದೆ ಲಾಜಿಸ್ಟಿಕ್ ರಿಗ್ರೆಶನ್ ಮಾಡುವಾಗ ಔಟ್‌ಪುಟ್‌ನಲ್ಲಿ ‘ಸ್ಕೋರ್’ ಎಂಬ ಕಂಬ ಕಂಡರೆ ಅದು ಹಡಗಲಿಯವರದು ಎಂದು ತಿಳಿ. ನಾಗರಬಾವಿಯಲ್ಲಿರುವ, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಇನ್ನೂ ಹತ್ತಿರ. ಅಲ್ಲಿನ ಲೈಬ್ರರಿಯಲ್ಲಿ ಹಳೆಯ ಸಮೀಕ್ಷಾ ವರದಿಗಳನ್ನು ತಿರುವಿ ಹಾಕಲು ಅವಕಾಶ ಸಿಗುತ್ತದಾ ಎಂದು ಗೈಡ್ ಮೂಲಕ ಕೇಳು. ಟೇಬಲ್‌ಗೆ ತಲೆಬರಹ ಹೇಗೆ ಕೊಡುತ್ತಾರೆ, ಒಟ್ಟು ಜನರೆಷ್ಟು ಎಂದು ಎಲ್ಲಿ ಬರೆಯುತ್ತಾರೆ ಎಂಬುದನ್ನು ನೋಡಿ ಕಲಿಯುವುದೇ ಮೇಲು.

ಈ ವಾರ ಪರೀಕ್ಷೆ ಹಾಕುವ ಕೆಲಸ ನಿಲ್ಲಿಸು. ಬಿಳಿ ಹಾಳೆ ತಗೊಂಡು ನಿನಗೆ ನಿಜವಾಗಿ ಬೇಕಾದ ನಾಲ್ಕೈದು ಟೇಬಲ್‌ಗಳನ್ನು ಖಾಲಿ ಬರೆ, ಅಂಕಿ ತುಂಬಬೇಡ. ಒಂದೊಂದರ ಕೆಳಗೂ ಯಾರನ್ನು, ಎಲ್ಲಿ, ಎಷ್ಟು ಸಲ ಕೇಳಿದ್ದು ಎಂದು ಒಂದು ಸಾಲು ಬರೆದು ನನಗೆ ಫೋಟೋ ಕಳಿಸು. ಅದನ್ನು ನೋಡಿಕೊಂಡು ಕೆಂಗೇರಿಯ ಫಾರಂಗಳಲ್ಲಿ ಯಾವುದನ್ನು ಉಳಿಸುವುದು, ಎಲ್ಲಿ ಮತ್ತೆ ಹೋಗಿ ಕೇಳುವುದು ಎಂದು ಕೂತು ಮಾತಾಡೋಣ.